ಗಡಿಯ ರೈತನೂ ಜಾಲತಾಣವೂ

1956ರ ರಾಜ್ಯ ಪುನರ್ವಿಂಗಡಣೆಯಲ್ಲಿ ಬೀದರ ಜಿಲ್ಲೆಯಿಂದ ಬೇರ್ಪಟ್ಟು ಅಂದಿನ ಮುಂಬಯಿ ರಾಜ್ಯಕ್ಕೆ ಸಂದ ಉದಗೀರ, ನಿಲಂಗಾ ತಾಲೂಕುಗಳಲ್ಲಿಯೂ ನೆರೆಯ ಉಮರ್ಗಾದಲ್ಲಿಯೂ, ಮನೆಯಲ್ಲಿ ಕನ್ನಡವನ್ನಾಡಿ ಕಚೇರಿಯಲ್ಲಿ ಮರಾಠಿಯನ್ನೋದುವ ರೈತನಿಗೆ ಸರಕಾರಿ ಜಾಲತಾಣವೆಂದರೆ ಮೊದಲು ನೆನಪಾಗುವುದು ಮಹಾರಾಷ್ಟ್ರದ ಭೂದಾಖಲೆಯಾದ ಸಾತಬಾರಾ ಉತಾರೆಯೇ ಆದುದರಿಂದ, ಜಾಲತಾಣದ ವಿನ್ಯಾಸವನ್ನು ಕುರಿತು ಚಿಂತಿಸುವವರು ಆತನ ಕೈಯೊಳಗಿನ ಮೊಬೈಲನ್ನು ಮೊದಲು ನೋಡಬೇಕೆಂದು ನನಗೆ ತೋರುತ್ತದೆ. ವಿಭಾಗ, ಜಿಲ್ಲೆ, ತಾಲೂಕು, ಗ್ರಾಮ, ಹೊಲದ ಗಟ್ ನಂಬರು ಎಂದು ಒಂದಾದ ಮೇಲೊಂದನ್ನು ಆರಿಸುತ್ತ ಹೋಗಿ, ಕೊನೆಗೆ ವಕ್ರವಾಗಿ ಮೂಡಿದ ಇಂಗ್ಲಿಷ್ ಅಕ್ಷರಗಳನ್ನು ಗುರುತಿಸಿ ತುಂಬುವಷ್ಟರಲ್ಲಿ ನೆಟ್‌ವರ್ಕು ಕಡಿದುಹೋದರೆ, ಎಲ್ಲವನ್ನೂ ಮೊದಲಿನಿಂದ ಆರಂಭಿಸಬೇಕಾಗುವುದು. ಒಮ್ಮೆ ಆರಿಸಿದ ಊರನ್ನು ನೆನಪಿಟ್ಟುಕೊಳ್ಳುವ ಸೌಜನ್ಯವಾದರೂ ಪುಟಕ್ಕಿರಬೇಡವೆ? ಗಡಿಯಾಚೆ ಔರಾದದಲ್ಲಿ ಹೊಲವುಳ್ಳವನಿಗಂತೂ, ಕರ್ನಾಟಕವು 2000ದ ಸುಮಾರಿಗೆ ಆರಂಭಿಸಿದ ‘ಭೂಮಿ’ ಯೋಜನೆಯ ಪಹಣಿಯೂ ಬೇಕು, ಇತ್ತ ಸಾತಬಾರಾವೂ ಬೇಕು. ಎರಡು ಲಿಪಿ, ಎರಡು ಕ್ರಮ. ದಪ್ಪಕ್ಷರ, ಹಗುರವಾದ ಪುಟ, ತಪ್ಪೆಲ್ಲಾಯಿತೆಂಬುದನ್ನು ತಾಯ್ನುಡಿಯಲ್ಲಿ ತಿಳಿಸುವ ಒಂದು ಸಾಲು, ಇಷ್ಟಿದ್ದರೆ ಆತನು ಯಾರ ಮುಂದೆಯೂ ಕೈಕಟ್ಟಿ ನಿಲ್ಲಬೇಕಾಗಿಲ್ಲ. ಪುಟಗಳನ್ನು ರಚಿಸುವ ತರುಣರೇ, ಬಿಡುಗಡೆಗೆ ಮುನ್ನ ಉದಗೀರದ ಬಸ್‌ಸ್ಟ್ಯಾಂಡಿನಲ್ಲಿ, ನಡುಬಿಸಿಲಿನಲ್ಲಿ, ಹಳೆಯ ಫೋನೊಂದರಲ್ಲಿ ಅವನ್ನು ಒಮ್ಮೆ ತೆರೆದು ನೋಡಿರಿ.