ಸರ್ವರ್ ಪಾಠದಲ್ಲಿ ಬಂದ ಬಸ್ ಪಾಸ್

ಈ ಸಲದ ಬೋಧನಾಭ್ಯಾಸದಲ್ಲಿ ದ್ವಿತೀಯ ಪಿಯುಸಿ ಗಣಕ ವಿಜ್ಞಾನದ 22 ವಿದ್ಯಾರ್ಥಿಗಳಿಗೆ, ಪಠ್ಯಪುಸ್ತಕದಲ್ಲಿಲ್ಲದ ಒಂದು ವಿಷಯವನ್ನು ಹೆಚ್ಚುವರಿ ಅವಧಿಗಳಲ್ಲಿ ಮಾಡಿಸಿದೆ. ವಿಎಂವೇರ್‌ನ ವಿಸೆಂಟರ್ ಎಂಬ ನಿರ್ವಹಣಾ ಸರ್ವರನ್ನು ಸ್ಥಾಪಿಸುವುದು, ಅದರಲ್ಲಿ ಬಳಕೆದಾರರ ಪ್ರವೇಶವನ್ನು ಹೊಂದಿಸುವುದು. ಬಿ.ಇಡಿ.ಗೆ ಸೇರುವ ಮೊದಲು ನಾಲ್ಕು ವರ್ಷ ನನ್ನ ಹೊಟ್ಟೆಪಾಡಿನ ಕೆಲಸವೇ ಇದಾಗಿತ್ತು. ಪಾಠಯೋಜನೆ ನೋಡಿದ ಮಾರ್ಗದರ್ಶಕರು, “ಇದು ಎಂಜಿನಿಯರಿಂಗ್ ಮಕ್ಕಳ ಪಾಠ ಅಲ್ಲವೇನಮ್ಮ?” ಎಂದರು. ನ್ಯಾಯವಾದ ಪ್ರಶ್ನೆಯೇ. ಆದರೆ ಆ ಪ್ರಯೋಗಾಲಯದ ಸ್ಥಿತಿ ನೋಡಿದ ಮೇಲೆ ನನಗೆ ಬೇರೆ ಪಾಠ ತೋಚಲಿಲ್ಲ.

ಅಲ್ಲಿದ್ದ 18 ಗಣಕಗಳಿಗೂ ಒಂದೇ ಬಳಕೆದಾರ ಹೆಸರು, ‘ಸ್ಟೂಡೆಂಟ್’. ಪಾಸ್‌ವರ್ಡ್ ಕಪ್ಪುಹಲಗೆಯ ಮೂಲೆಯಲ್ಲಿ ಸದಾ ಬರೆದೇ ಇರುತ್ತಿತ್ತು. ನಾನು ಹೋಗುವ ಕೆಲವು ವಾರ ಮೊದಲು ಒಂದು ಬ್ಯಾಚಿನ ಪ್ರಾಯೋಗಿಕ ಕೆಲಸವಿದ್ದ ಫೋಲ್ಡರ್ ಪೂರ್ತಿ ಅಳಿಸಿಹೋಗಿತ್ತು. ಸಂಶಯ ಬಿದ್ದದ್ದು ಕೊನೆಯ ಬೆಂಚಿನ ಒಬ್ಬ ಹುಡುಗನ ಮೇಲೆ. ಅವನಿಗೆ ಗಣಕದ ಸೆಟ್ಟಿಂಗುಗಳನ್ನು ಕೆದಕಿ ನೋಡುವ ಅಭ್ಯಾಸವಿತ್ತು, ಅಷ್ಟೆ. ಯಾರೂ ಶಿಕ್ಷೆ ಕೊಟ್ಟಿರಲಿಲ್ಲ. ಪಕ್ಕದಲ್ಲಿ ಕೂರುವುದನ್ನು ಮಾತ್ರ ಬಿಟ್ಟಿದ್ದರು. ಅವನೇ ಎಂದು ತೋರಿಸಲು ಅವರ ಬಳಿ ಏನೂ ಇರಲಿಲ್ಲ, ತಾನಲ್ಲ ಎಂದು ತೋರಿಸಲು ಅವನ ಬಳಿಯೂ ಏನೂ ಇರಲಿಲ್ಲ.

ಯಾರೋ ದಾನಿಗಳು ಕೊಟ್ಟ ಹಳೆಯ ಸರ್ವರ್ ಒಂದು, 64 ಜಿಬಿ ಮೆಮೊರಿಯದು, ಪ್ರಯೋಗಾಲಯದ ಮೂಲೆಯಲ್ಲಿ ಬಟ್ಟೆ ಹೊದ್ದು ಕುಳಿತಿತ್ತು. ಅದಕ್ಕೆ ಇಎಸ್‌ಎಕ್ಸ್‌ಐ ಹಾಕಿದೆ. ಈ ತಂತ್ರಾಂಶಗಳನ್ನು 60 ದಿನ ಪರೀಕ್ಷಾರ್ಥವಾಗಿ ಬಳಸಬಹುದಿತ್ತು. ನಮ್ಮ ಅವಧಿಗೆ ಅಷ್ಟು ಸಾಕಿತ್ತು.

ವರ್ಚುವಲೈಸೇಶನ್ ಎಂದರೇನು ಎಂಬುದಕ್ಕೆ ನಾನು ಅಂದುಕೊಂಡಷ್ಟು ಹೊತ್ತು ಹಿಡಿಯಲಿಲ್ಲ. ವಠಾರ ಎಂದೆ, ಮುಗಿಯಿತು. ಕಟ್ಟಡ ಒಂದು, ಬಾವಿ ಒಂದು, ಸಂಸಾರ ಹಲವು. ಪ್ರತಿ ಮನೆಗೂ ಅದರದೇ ಬಾಗಿಲು. ಕಟ್ಟಡವನ್ನು ಮನೆಗಳಾಗಿ ಭಾಗ ಮಾಡಿಕೊಡುವುದು ಇಎಸ್‌ಎಕ್ಸ್‌ಐ. ಇಂಥ ಹಲವು ವಠಾರಗಳ ಲೆಕ್ಕ ನೋಡಿಕೊಳ್ಳುವ ಮೇನೇಜರು ವಿಸೆಂಟರ್. ಆ ಮೇನೇಜರು ತಾನೂ ಒಂದು ವಠಾರದಲ್ಲೇ ಬಾಡಿಗೆಗಿರುತ್ತಾನೆ, ಅಂದರೆ ವಿಸೆಂಟರ್ ಕೂಡ ಒಂದು ವರ್ಚುವಲ್ ಯಂತ್ರವಾಗಿಯೇ ಓಡುತ್ತದೆ ಎಂದಾಗ ಮಕ್ಕಳು ನಕ್ಕರು. ಹಿಂದೆ ಇದನ್ನು ವಿಂಡೋಸ್ ಮೇಲೂ ಸ್ಥಾಪಿಸಬಹುದಿತ್ತು. 2020ರಲ್ಲಿ ಬಂದ 7.0 ಆವೃತ್ತಿಯಿಂದ ಸಿದ್ಧ ಲಿನಕ್ಸ್ ಯಂತ್ರವಾಗಿ ಮಾತ್ರ ಸಿಗುತ್ತದೆ. ನಾವು ಬಳಸಿದ್ದು ಆ ಆವೃತ್ತಿಯ ಅತಿ ಚಿಕ್ಕ ಅಳತೆಯನ್ನು. ಅದಕ್ಕೇ 12 ಜಿಬಿ ಮೆಮೊರಿ ಬೇಕು.

ಸ್ಥಾಪನೆಗೆ ಎರಡು ಹಂತ. ಮೊದಲನೆಯದರಲ್ಲಿ ಯಂತ್ರ ಬಂದು ಕೂರುತ್ತದೆ, ಎರಡನೆಯದರಲ್ಲಿ ಅದಕ್ಕೆ ಬುದ್ಧಿ ಬರುತ್ತದೆ. ಗುಂಡಿ ಒತ್ತುವುದು ಯಾರಿಗಾದರೂ ಬರುತ್ತದೆ. ಕೆಲಸವೆಲ್ಲ ಇರುವುದು ಗುಂಡಿ ಒತ್ತುವ ಮೊದಲು. ವಿಸೆಂಟರ್‌ಗೆ ಕೊಡುವ ಹೆಸರಿನಿಂದ ವಿಳಾಸ ಸಿಗಬೇಕು, ವಿಳಾಸದಿಂದ ಅದೇ ಹೆಸರು ಮರಳಿ ಸಿಗಬೇಕು. ಇದನ್ನು ಹಾಜರಿ ಪುಸ್ತಕದಲ್ಲೇ ಮಾಡಿಸಿದೆ. ಹೆಸರು ಕೂಗಿದರೆ ಕ್ರಮಸಂಖ್ಯೆ ಹೇಳಬೇಕು, ಸಂಖ್ಯೆ ಕೂಗಿದರೆ ಹೆಸರು. ಪ್ರಯೋಗಾಲಯದಲ್ಲಿ ಡಿಎನ್‌ಎಸ್ ಇರಲಿಲ್ಲವಾದ್ದರಿಂದ ಒಂದು ಹಳೆಯ ಗಣಕಕ್ಕೆ ಆ ಕೆಲಸ ವಹಿಸಿ, ಎರಡೂ ದಿಕ್ಕಿನ ನಮೂದುಗಳನ್ನು ಮಕ್ಕಳಿಂದಲೇ ಬರೆಸಿದೆ.

ಇನ್ನೊಂದು ಗಡಿಯಾರ. ಸರ್ವರಿನೊಳಗಿನ ನಾಣ್ಯದಾಕಾರದ ಸೆಲ್ ಸತ್ತಿತ್ತು. ಕರೆಂಟು ಹೋಗಿ ಬಂದರೆ ದಿನಾಂಕ ವರ್ಷಗಟ್ಟಲೆ ಹಿಂದಕ್ಕೆ ಹೋಗುತ್ತಿತ್ತು. ಸೆಲ್ ಬದಲಿಸಿದೆವು. “ಟೈಮು ತಪ್ಪಿದರೆ ಏನಾಯ್ತು ಮೇಡಂ, ಓಡ್ತಾ ಇದೆಯಲ್ಲ?” ಎಂದು ಒಬ್ಬಳು ಕೇಳಿದಳು. ಸಿಂಗಲ್ ಸೈನ್-ಆನ್ ಪಾಠ ಶುರುವಾದದ್ದು ಈ ಪ್ರಶ್ನೆಯಿಂದ. ನನ್ನ ಪಾಠಯೋಜನೆಯಲ್ಲಿದ್ದ ಪೀಠಿಕೆಗಿಂತ ಇದು ಎಷ್ಟೋ ಚೆನ್ನಾಗಿತ್ತು.

ಆ ತರಗತಿಯಲ್ಲಿ ಮುಕ್ಕಾಲು ಪಾಲು ಮಕ್ಕಳು ಹಳ್ಳಿಗಳಿಂದ ಬಸ್ಸಿನಲ್ಲಿ ಬರುವವರು. ಪಾಸ್ ತೆಗೆಯಿರಿ ಎಂದೆ. ಪಾಸ್ ಕೊಡುವಾಗ ನೀವು ಯಾರು, ಯಾವ ಕಾಲೇಜು ಎಂದೆಲ್ಲ ವಿಚಾರಿಸುತ್ತಾರೆ. ಒಮ್ಮೆ ಕೊಟ್ಟ ಮೇಲೆ ಪ್ರತಿ ಬಸ್ಸಿನಲ್ಲೂ ಕಂಡಕ್ಟರ್ ನಿಮ್ಮ ದಾಖಲಾತಿ ಪತ್ರ ಕೇಳುವುದಿಲ್ಲ. ಪಾಸು ಅಸಲಿಯೇ, ಅವಧಿ ಇದೆಯೇ, ಎರಡನ್ನೇ ನೋಡುತ್ತಾನೆ. ಸಿಂಗಲ್ ಸೈನ್-ಆನ್ ಮಾಡುವುದೂ ಇಷ್ಟೇ. ಒಂದು ಕಡೆ ಹೆಸರು, ಪಾಸ್‌ವರ್ಡ್ ಒಪ್ಪಿಸಿದರೆ ಟೋಕನ್ ಎಂಬ ಪಾಸು ಸಿಗುತ್ತದೆ. ವಿಸೆಂಟರ್‌ನ ಒಳಗಿನ ಬೇರೆ ಬೇರೆ ಸೇವೆಗಳು ಆ ಪಾಸನ್ನೇ ನಂಬುತ್ತವೆ. 2012ರ 5.1 ಆವೃತ್ತಿಯಲ್ಲಿ ಈ ವ್ಯವಸ್ಥೆ ಬಂತು. ಈಗ ಕಂಡಕ್ಟರನ ಕ್ಯಾಲೆಂಡರೇ ತಪ್ಪಿದ್ದರೆ? “ನಡೆಯೋ ಪಾಸನ್ನೂ ಮುಗಿದಿದೆ ಅಂತಾನೆ, ಇಳಿಸ್ತಾನೆ” ಎಂದು ಆ ಹುಡುಗಿಯೇ ಹೇಳಿದಳು.

ಎರಡನೇ ಹಂತದಲ್ಲಿ ಸೈನ್-ಆನ್ ಡೊಮೈನಿಗೆ ಹೆಸರಿಡಬೇಕು. ರೂಢಿಯ ಹೆಸರು ವಿಸ್ಫಿಯರ್ ಡಾಟ್ ಲೋಕಲ್. ಕಚೇರಿಯಲ್ಲಿ ಈಗಾಗಲೇ ಆಕ್ಟಿವ್ ಡೈರೆಕ್ಟರಿ ಇದ್ದರೆ ಅದರ ಹೆಸರನ್ನು ಇಲ್ಲಿ ಮತ್ತೆ ಇಡಬಾರದು. ಅದನ್ನು ಗುರುತಿನ ಮೂಲವಾಗಿ ಆಮೇಲೆ ಸೇರಿಸಿಕೊಳ್ಳಬಹುದು. ನಮ್ಮಲ್ಲಿ ಅದು ಇಲ್ಲದ್ದರಿಂದ 22 ಜನರಿಗೂ ಇಲ್ಲೇ ಪ್ರತ್ಯೇಕ ಹೆಸರು ಸೃಷ್ಟಿಸಿದೆವು. ಪಾಸ್‌ವರ್ಡಿಗೆ ಕನಿಷ್ಠ 8 ಅಕ್ಷರ, ಅದರಲ್ಲಿ ದೊಡ್ಡಕ್ಷರ, ಚಿಕ್ಕಕ್ಷರ, ಅಂಕಿ, ಚಿಹ್ನೆ ಎಲ್ಲವೂ ಇರಬೇಕು. ಮಕ್ಕಳು ಗೊಣಗಿದರು.

ಹೆಸರು ಕೊಟ್ಟೆ, ಅನುಮತಿಗಳನ್ನು ಬೇಕೆಂದೇ ಕೊಡಲಿಲ್ಲ. ಪ್ರವೇಶಿಸಲು ಹೇಳಿದೆ. “ಮೇಡಂ, ಪಾಸ್‌ವರ್ಡ್ ತಪ್ಪು ಅಂತಿದೆ!” ಎಂದು ನಾಲ್ಕೂ ಕಡೆಯಿಂದ ಕೂಗು. ಪರದೆಯ ಮೇಲಿರುವುದನ್ನು ಓದಿ ಎಂದೆ. ಅಲ್ಲಿ ಪಾಸ್‌ವರ್ಡ್ ತಪ್ಪೆಂದು ಇರಲಿಲ್ಲ. ಯಾವ ವಿಸೆಂಟರ್ ಮೇಲೂ ನಿಮಗೆ ಅನುಮತಿ ಇಲ್ಲ ಎಂದಿತ್ತು. ಈಗ ಬೇಕೆಂದೇ ತಪ್ಪು ಪಾಸ್‌ವರ್ಡ್ ಹಾಕಿ ನೋಡಿ ಎಂದೆ. ಸಂದೇಶ ಬೇರೆ ಬಂತು. ಉತ್ಸಾಹಿಯೊಬ್ಬ ಬಿಡದೆ ಐದು ಸಲ ತಪ್ಪಾಗಿ ಹಾಕಿ 300 ಸೆಕೆಂಡು ಹೊರಗೆ ನಿಂತ. ಎರಡು ಸಂದೇಶಗಳನ್ನೂ ಹಲಗೆಯ ಮೇಲೆ ಅಕ್ಕಪಕ್ಕ ಬರೆಸಿ ವ್ಯತ್ಯಾಸ ಕೇಳಿದೆ. ಮುಂದಿನ ಸಾಲಿನಿಂದ ಉತ್ತರ ಬಂತು: “ಒಂದರಲ್ಲಿ ನಾನು ಯಾರು ಅಂತಾನೇ ಗೊತ್ತಿಲ್ಲ. ಇನ್ನೊಂದರಲ್ಲಿ ಗೊತ್ತು, ಆದ್ರೆ ಬಿಡಲ್ಲ. ನಮ್ಮ ಪಾಸು ರಾಜಹಂಸಕ್ಕೆ ನಡೆಯಲ್ವಲ್ಲ, ಹಾಗೆ.” ದೃಢೀಕರಣ, ಅಧಿಕಾರ ಎಂಬ ಎರಡು ಪದಗಳ ವ್ಯಾಖ್ಯೆ ಬರೆಸುವುದನ್ನು ಅಲ್ಲಿಗೇ ಕೈಬಿಟ್ಟೆ.

ಆಮೇಲೆ ಇಬ್ಬರಿಗೊಂದರಂತೆ 11 ಯಂತ್ರಗಳನ್ನು ಮಾಡಿ, ಒಂದೊಂದನ್ನೂ ಒಂದೊಂದು ಫೋಲ್ಡರಿನಲ್ಲಿಟ್ಟು, ಆಯಾ ಜೋಡಿಗೆ ಅವರವರ ಫೋಲ್ಡರಿನ ಮೇಲೆ ಮಾತ್ರ ಅನುಮತಿ ಕೊಟ್ಟೆ. ಕೊನೆಯ ಬೆಂಚಿನ ಹುಡುಗನ ಜೊತೆಗೆ ಯಾರೆಂದು ನಾನೇ ನಿಶ್ಚಯಿಸಿದ್ದೆ. ಅದನ್ನು ಮಕ್ಕಳ ಆಯ್ಕೆಗೆ ಬಿಡುವುದು ಸರಿಯೆನಿಸಲಿಲ್ಲ.

ಕೊನೆಯ ಅವಧಿಗೆ ಮುನ್ನ, ಮೊದಲ ಸಾಲಿನ ಇಬ್ಬರು ಹುಡುಗಿಯರ ಯಂತ್ರವನ್ನು ನಾನೇ ಆರಿಸಿಟ್ಟೆ. ಪಾಠಯೋಜನೆಯಲ್ಲಿ ಅದನ್ನು ಬರೆದು ಮಾರ್ಗದರ್ಶಕರಿಗೆ ತೋರಿಸಿಯೂ ಇದ್ದೆ. ಅವರು ಪ್ರವೇಶಿಸಿದರು, ಯಂತ್ರ ಆಫ್ ಆಗಿತ್ತು. “ಯಾರೋ ಆರಿಸಿದಾರೆ ಮೇಡಂ.” ಯಾರೂ ಯಾರ ಹೆಸರನ್ನೂ ಹೇಳಲಿಲ್ಲ. ಆದರೆ ಐದಾರು ತಲೆಗಳು ಹಿಂದಕ್ಕೆ ತಿರುಗಿದವು. ಅವನು ಕೀಲಿಮಣೆಯಿಂದ ಕೈ ತೆಗೆದು ಮಡಿಲಲ್ಲಿಟ್ಟುಕೊಂಡ.

ಆ ಯಂತ್ರದ ಕೆಲಸಗಳ ಪಟ್ಟಿಯನ್ನು ಪ್ರೊಜೆಕ್ಟರಿನಲ್ಲಿ ತೆರೆಸಿದೆ. ಏನು ಮಾಡಲಾಯಿತು, ಎಷ್ಟು ಗಂಟೆಗೆ, ಮಾಡಿದವರು ಯಾರು ಎಂಬ ಕಾಲಮ್ಮುಗಳು ಅದರಲ್ಲಿರುತ್ತವೆ. ಗಟ್ಟಿಯಾಗಿ ಓದಲು ಹೇಳಿದೆ. ಆರಿಸಿದವರ ಹೆಸರು ‘ಅಡ್ಮಿನಿಸ್ಟ್ರೇಟರ್’. ಆ ಹೆಸರು ಇದ್ದದ್ದು ನನ್ನೊಬ್ಬಳ ಬಳಿ. ತಲೆಗಳೆಲ್ಲ ನನ್ನ ಕಡೆ ತಿರುಗಿದವು, ಆಮೇಲೆ ನಗು. ಅವನು ನಗಲಿಲ್ಲ. ಅಷ್ಟು ದಿನಗಳಲ್ಲಿ ಮೊದಲ ಬಾರಿಗೆ ಕೈಯೆತ್ತಿ ಕೇಳಿದ: “ಮೇಡಂ, ಆ ಫೋಲ್ಡರ್‌ಗೂ ಇಂಥ ಪಟ್ಟಿ ಸಿಗುತ್ತಾ?”

ಸಿಕ್ಕರೂ ಅದರಲ್ಲಿ ‘ಸ್ಟೂಡೆಂಟ್’ ಎಂದಷ್ಟೇ ಇರುತ್ತದೆ, ಆ ಹೆಸರು ಇಲ್ಲಿರುವ ಎಲ್ಲರದೂ ಹೌದು, ಎಂದೆ. ಮುಂದಿನ ಸಾಲಿನ ಹುಡುಗಿಯೊಬ್ಬಳು ನಿಧಾನವಾಗಿ, “ಹಾಗಾದ್ರೆ ನನ್ನದೂ ಹೌದು” ಎಂದಳು. ಕೆಲಹೊತ್ತು ಯಾರೂ ಮಾತಾಡಲಿಲ್ಲ. ನಾನೂ ಮಾತು ಸೇರಿಸಲಿಲ್ಲ. ಅವಲೋಕನ ಪುಸ್ತಕದಲ್ಲಿ ಮಾರ್ಗದರ್ಶಕರು ‘ಮೌಲ್ಯಮಾಪನದ ಪ್ರಶ್ನೆಗಳಿಗೆ ಸಮಯ ಉಳಿಯಲಿಲ್ಲ’ ಎಂದು ಬರೆದರು. ಒಪ್ಪತಕ್ಕ ಮಾತು. ಆದರೆ ಅಂದಿನ ಮೌಲ್ಯಮಾಪನ ಆಗಿಹೋಗಿತ್ತು ಎಂದೇ ಈಗಲೂ ನನ್ನ ಎಣಿಕೆ.

ಫೋಲ್ಡರ್ ಅಳಿಸಿದವರು ಯಾರೆಂದು ಗೊತ್ತಾಗಲಿಲ್ಲ. 60 ದಿನ ತುಂಬಿದಾಗ ಸರ್ವರ್ ವಿಸೆಂಟರ್‌ನಿಂದ ಕಳಚಿಕೊಂಡಿತು. ಅಷ್ಟರಲ್ಲಿ ಗಣಕ ವಿಜ್ಞಾನದ ಉಪನ್ಯಾಸಕರು ನನ್ನನ್ನು ಕರೆದು, ಇದೇ ಏರ್ಪಾಡು ಸಾಧಾರಣ ವಿಂಡೋಸಿನಲ್ಲಿ ಆಗುತ್ತದೆಯೇ ಎಂದು ವಿಚಾರಿಸಿದ್ದರು. ಆಗುತ್ತದೆ, ಆದರೆ ಡೊಮೈನ್ ಸರ್ವರ್ ಇಲ್ಲದೆ ಪ್ರತಿ ಗಣಕದಲ್ಲೂ ಬೇರೆಬೇರೆಯಾಗಿ ಹೆಸರು ಸೇರಿಸಬೇಕು ಎಂದೆ. ಒಂದು ಶನಿವಾರ ಮಧ್ಯಾಹ್ನ ನಾಲ್ವರು ವಿದ್ಯಾರ್ಥಿಗಳನ್ನು ಕೂರಿಸಿಕೊಂಡು ಆ ಕೆಲಸ ಮುಗಿಸಿದರು. ಸೆಟ್ಟಿಂಗು ಎಲ್ಲೆಲ್ಲಿದೆ ಎಂದು ಚೆನ್ನಾಗಿ ಬಲ್ಲವನೆಂದು ಅವನನ್ನೂ ಕರೆದಿದ್ದರು. ಮರೆತುಹೋದರೆ ಎಂದು ಎಲ್ಲರ ಪಾಸ್‌ವರ್ಡನ್ನೂ ಒಂದು ನೋಟ್‌ಬುಕ್ಕಿನಲ್ಲಿ ಬರೆದಿಡಲು ಉಪನ್ಯಾಸಕರು ಹೊರಟಾಗ ಬೇಡವೆಂದವನೂ ಅವನೇ. ಮರೆತವರಿಗೆ ಹೊಸದು ಹಾಕಿಕೊಟ್ಟರಾಯಿತು ಸಾರ್, ಹಳೆಯದು ನಿಮಗೂ ಗೊತ್ತಿರಬೇಕಾಗಿಲ್ಲ, ಎಂದನಂತೆ.