ಕೆಂಪು ಬಟನ್ ಮುಟ್ಬೇಡಿ ಸಾರ್

ನನ್ನ ಸೋದರಮಾವನದು ಪೀಣ್ಯದಲ್ಲಿ ಒಂದು ಪುಟ್ಟ ಶೆಡ್. ಎರಡು ಲೇತ್, ಒಂದು ಡ್ರಿಲ್ಲಿಂಗ್ ಮೆಷಿನ್, ಮೂಲೆಯಲ್ಲೊಂದು ಹಳೇ ಸಿಎನ್‌ಸಿ ಮಿಲ್ಲಿಂಗ್ ಮೆಷಿನ್. ಎಂಬತ್ತರ ದಶಕದ ಕೊನೆಯದು. ಯಾರದೋ ದೊಡ್ಡ ಫ್ಯಾಕ್ಟರಿಯಲ್ಲಿ ದುಡಿದು ದಣಿದ ಮೇಲೆ ಮಾವನ ಕೈಗೆ ಬಂದದ್ದು. ಆದರೆ ಶೆಡ್ಡಿನ ಬಾಡಿಗೆ, ಹುಡುಗರ ಸಂಬಳ, ಮಾವನ ಮಗಳ ಕಾಲೇಜ್ ಫೀಸು ಎಲ್ಲ ಹುಟ್ಟುತ್ತಿದ್ದದ್ದು ಆ ಮೂಲೆಯಲ್ಲೇ.

ಅದನ್ನು 18 ವರ್ಷದಿಂದ ಓಡಿಸ್ತಿರೋದು ಒಬ್ಬರೇ ಆಪರೇಟರ್. ಶೆಡ್ಡಲ್ಲಿ ಎಲ್ಲರಿಗೂ ಅವರು ಅಣ್ಣ. ಓದಿದ್ದು ಹತ್ತನೇ ಕ್ಲಾಸು, ವಯಸ್ಸು ಐವತ್ತು ದಾಟಿದೆ. ಟೂಲ್ ಕಬ್ಬಿಣ ಕಚ್ಚುವ ಸದ್ದು ಕೇಳಿಯೇ ಅದು ಮೊಂಡಾಗಿದೆಯೋ ಇಲ್ಲವೋ ಹೇಳುತ್ತಾರೆ.

ಒಂದು ಬೇಸಿಗೆಯಲ್ಲಿ ಊರ ಜಾತ್ರೆಗೆ ಅಂತ ಹತ್ತು ದಿನ ಶೆಡ್ ಮುಚ್ಚಿದ್ದರು. ವಾಪಸ್ ಬಂದು ಸ್ವಿಚ್ ಹಾಕಿದರೆ ಸ್ಕ್ರೀನ್ ತುಂಬ ಅಲಾರಂ. ಇಂಥ ಹಳೇ ಕಂಟ್ರೋಲರ್‌ಗಳಲ್ಲಿ ಮೆಷಿನ್ನಿನ ಜಾತಕವೆಲ್ಲ ಬ್ಯಾಟರಿ ಬಲದ ಮೇಲೆ ನಿಂತ ಮೆಮೊರಿಯಲ್ಲಿರತ್ತೆ. ಮೋಟರ್ ಒಂದು ಸುತ್ತು ಸುತ್ತಿದರೆ ಟೇಬಲ್ ಎಷ್ಟು ಸರಿಯಬೇಕು, ಎಲ್ಲಿಗೆ ನಿಲ್ಲಬೇಕು, ಎಲ್ಲ ಅದರಲ್ಲೇ. ಬ್ಯಾಟರಿ ಸತ್ತಿತ್ತು. ಸಾಲದ್ದಕ್ಕೆ ಸೋರಿ ಬೋರ್ಡನ್ನೂ ತಿಂದಿತ್ತು. ಹೊಸ ಕಂಟ್ರೋಲರ್‌ಗೆ 5.5 ಲಕ್ಷದ ಕೊಟೇಶನ್ ಬಂತು. ಗುಜರಿಯವನು ಬಂದು ಮೆಷಿನ್ನಿಗೆ ತೂಕದ ಲೆಕ್ಕದಲ್ಲಿ ಬೆಲೆ ಹೇಳಿ ಹೋದ. ಅಣ್ಣ ಅವತ್ತು ಏನೂ ಮಾತಾಡಲಿಲ್ಲವಂತೆ. ಎಂದಿನಂತೆ ಮೆಷಿನ್ ಒರೆಸಿ, ಎಣ್ಣೆ ಬಿಟ್ಟು ಮನೆಗೆ ಹೋದರಂತೆ. ಮೆಷಿನ್ ಹೋದರೆ ಅವರ ಕೆಲಸವೂ ಹೋಗತ್ತೆ ಅನ್ನೋದನ್ನ ಯಾರೂ ಬಾಯಿ ಬಿಟ್ಟು ಹೇಳಬೇಕಾಗಿರಲಿಲ್ಲ.

"ಲೋ, ನೀನು ಕಂಪ್ಯೂಟರ್ ಇಂಜಿನಿಯರ್ ಅಲ್ವೇನೋ, ಏನಾದ್ರೂ ಮಾಡಕ್ಕಾಗತ್ತಾ ನೋಡು" ಅಂದರು ಮಾವ. ಆಗತ್ತೆ ಅಂದುಬಿಟ್ಟೆ.

ಆಗತ್ತೆ ಅನ್ನೋಕೆ ಕಾರಣ ಇತ್ತು. ಲಿನಕ್ಸ್‌ಸಿಎನ್‌ಸಿ ಅಂತ ಒಂದು ಸಾಫ್ಟ್‌ವೇರ್ ಇದೆ. ಅದರ ಬೇರು ಇರೋದು ಅಮೆರಿಕ ಸರ್ಕಾರದ ಅಳತೆ-ಮಾನಕಗಳ ಸಂಸ್ಥೆ ನಿಸ್ಟ್‌ನಲ್ಲಿ, 1990ರ ದಶಕದಲ್ಲಿ ಅವರು ಮಾಡಿದ ಇಎಂಸಿ ಅನ್ನೋ ಪ್ರಾಜೆಕ್ಟಿನಲ್ಲಿ. ಸರ್ಕಾರಿ ದುಡ್ಡಲ್ಲಿ ಆದ ಕೆಲಸ, ಹಾಗಾಗಿ ಕೋಡ್ ಎಲ್ಲರಿಗೂ ಸಿಕ್ಕಿತು. ಆಸಕ್ತರು ಅದನ್ನು ಬೆಳೆಸಿದರು. 2011ರಲ್ಲಿ ಹೆಸರಿನ ತಕರಾರಿನಿಂದಾಗಿ ಈಗಿನ ಹೆಸರು ಬಂತು. ಇವತ್ತಿಗೂ ಬಿಟ್ಟಿ.

ನಮ್ಮ ಮೆಷಿನ್ನಿನ ಮೋಟರ್‌ಗಳೂ, ಅವಕ್ಕೆ ಶಕ್ತಿ ಕೊಡೋ ಡ್ರೈವ್‌ಗಳೂ ಗಟ್ಟಿಮುಟ್ಟಾಗಿದ್ದವು. ಸತ್ತಿದ್ದು ತಲೆ ಮಾತ್ರ. ಡ್ರೈವ್ ಕೇಳೋದು ಮೈನಸ್ 10ರಿಂದ ಪ್ಲಸ್ 10 ವೋಲ್ಟ್ ಒಳಗಿನ ಒಂದು ಸಿಗ್ನಲ್. ಪ್ಲಸ್ ಕೊಟ್ಟರೆ ಒಂದು ಕಡೆ, ಮೈನಸ್ ಕೊಟ್ಟರೆ ಇನ್ನೊಂದು ಕಡೆ. ಅಮೆರಿಕದಿಂದ ಮೇಸಾ ಕಂಪನಿಯ ಎರಡು ಕಾರ್ಡು ತರಿಸಿದೆ. ಯಾರದೋ ಆಫೀಸಿನವರು ಮಾರಿದ ಹಳೇ ಡೆಸ್ಕ್‌ಟಾಪ್, ಎಸ್‌ಪಿ ರೋಡಿನಿಂದ 24 ವೋಲ್ಟ್ ಪವರ್ ಸಪ್ಲೈ, ಒಂದಿಷ್ಟು ರಿಲೇ. ಒಟ್ಟು ಖರ್ಚು ಒಂದು ಲಕ್ಷದೊಳಗೆ.

ನಮ್ಮ ನಿಮ್ಮ ಲ್ಯಾಪ್‌ಟಾಪ್ ಆಗಾಗ ಅರೆಕ್ಷಣ ಯೋಚನೆ ಮಾಡುತ್ತಾ ಕೂತರೆ ನಾವು ಬೈದು ಸುಮ್ಮನಾಗ್ತೀವಿ. ಮಿಲ್ಲಿಂಗ್ ಮೆಷಿನ್ ಹಾಗೆ ಕೂರುವಂತಿಲ್ಲ. ಸೆಕೆಂಡಿಗೆ ಸಾವಿರ ಸಲ 'ಎಲ್ಲಿದ್ದೀಯ' ಅಂತ ಮೋಟರನ್ನು ಕೇಳಿ, ಎಲ್ಲಿರಬೇಕೋ ಅಲ್ಲಿಗೆ ತಳ್ಳುತ್ತಿರಬೇಕು. ಒಂದು ಸಲವೂ ತಪ್ಪಬಾರದು. ಅದಕ್ಕೇ ಲಿನಕ್ಸ್‌ನ ರಿಯಲ್‌ಟೈಮ್ ಕರ್ನೆಲ್ ಬೇಕು. ಪಿಸಿಯಲ್ಲಿ ಹತ್ತು ವಿಂಡೋ ತೆರೆದು, ವಿಡಿಯೋ ಓಡಿಸಿ, ಅಷ್ಟರ ನಡುವೆಯೂ ಅದು ಎಷ್ಟು ಮೈಕ್ರೋಸೆಕೆಂಡ್ ತಡ ಮಾಡತ್ತೆ ಅಂತ ಒಂದಿಡೀ ರಾತ್ರಿ ಪರೀಕ್ಷೆ ಮಾಡಿದೆ. ಪಾಸಾಯ್ತು. ನನ್ನ ಎದೆ ಉಬ್ಬಿತ್ತು.

ಅಣ್ಣನಿಗೂ ನನಗೂ ಮೊದಲ ಜಗಳ ಆದದ್ದು ಎಮರ್ಜೆನ್ಸಿ ಬಟನ್ ವಿಷಯಕ್ಕೆ. ಅಣಬೆ ಆಕಾರದ ಕೆಂಪು ಬಟನ್. ಅದರ ತಂತಿ ನೇರವಾಗಿ ಡ್ರೈವ್‌ಗಳ ಕಾಂಟ್ಯಾಕ್ಟರಿಗೆ ಹೋಗುತ್ತಿತ್ತು. ನಾನು ಅದನ್ನು ಕಿತ್ತು ಪಿಸಿಗೆ ಕೊಡೋಣ, ಬಟನ್ ಒತ್ತಿದರೆ ಏನು ಮಾಡಬೇಕು ಅಂತ ಸಾಫ್ಟ್‌ವೇರ್ ನೋಡಿಕೊಳ್ಳಲಿ ಅಂದೆ.

"ಬೇರೆ ಏನ್ ಬೇಕಾದ್ರೂ ಬಿಚ್ಚಿ ಸಾರ್. ಕೆಂಪು ಬಟನ್ ಮುಟ್ಬೇಡಿ" ಅಂದರು ಅಣ್ಣ.

"ಅದು ಹಳೇ ಕಾಲದ ಮೆಥಡ್ ಅಣ್ಣ."

"ಹಳೇದೇ. ಆದ್ರೆ ಅದ್ರಲ್ಲಿ ಯಾವಾಗ್ಲೂ ಕರೆಂಟ್ ಹರೀತಾ ಇರತ್ತೆ. ಬಟನ್ ಒತ್ತಿದ್ರೂ ನಿಲ್ಲತ್ತೆ, ಇಲಿ ವೈರ್ ಕಡಿದ್ರೂ ನಿಲ್ಲತ್ತೆ. ನಿಮ್ ಕಂಪ್ಯೂಟ್ರು ಹ್ಯಾಂಗ್ ಆದ್ರೆ?"

ಉತ್ತರ ಇರಲಿಲ್ಲ. ಬಟನ್ ಅಲ್ಲೇ ಉಳಿಯಿತು. ಅದನ್ನು ಒತ್ತಿದ್ದಾರೆ ಅಂತ ತಿಳಿಯೋಕೆ ಪಿಸಿಗೆ ಇನ್ನೊಂದು ತಂತಿ ಎಳೆದೆ ಅಷ್ಟೇ.

ಮೂರನೇ ಶನಿವಾರ ಎಕ್ಸ್ ಆಕ್ಸಿಸ್, ಅಂದರೆ ಟೇಬಲ್ ಎಡಕ್ಕೆ ಬಲಕ್ಕೆ ಓಡಾಡುವ ದಿಕ್ಕು, ಜೀವ ಬರಬೇಕಿತ್ತು. ಪವರ್ ಕೊಟ್ಟ ಮರುಗಳಿಗೆಗೇ ಸ್ಕ್ರೀನಲ್ಲಿ 'ಫಾಲೋಯಿಂಗ್ ಎರರ್'. ಇರಬೇಕಾದ ಜಾಗಕ್ಕೂ ಇರೋ ಜಾಗಕ್ಕೂ ವ್ಯತ್ಯಾಸ ಜಾಸ್ತಿಯಾಯ್ತು, ನಿಲ್ಲಿಸಿದ್ದೀನಿ ಅಂತ ಅರ್ಥ. ಮತ್ತೆ ಕೊಟ್ಟೆ, ಮತ್ತೆ ಅದೇ. ಹತ್ತು ಸಲ. ಟ್ಯೂನಿಂಗ್ ಇನ್ನೂ ಸರಿಯಾಗಿಲ್ಲ, ಅದಕ್ಕೇ ಸುಮ್ಮನೆ ಬಡ್ಕೋತಿದೆ ಅಂದುಕೊಂಡೆ. ಆಮೇಲೆ ನಾನು ಮಾಡಿದ್ದನ್ನು ನೀವೂ ಆಫೀಸಲ್ಲಿ ಮಾಡಿರ್ತೀರಿ. ಫೈಲ್ ತೆಗೆದು, ವ್ಯತ್ಯಾಸ 1 ಮಿಲಿಮೀಟರ್ ಮೀರಿದರೆ ನಿಲ್ಲಿಸು ಅಂತಿದ್ದದ್ದನ್ನು 500 ಮಾಡಿದೆ. ಅಲರ್ಟ್ ಕಾಟ ಕೊಟ್ಟರೆ ಅಲರ್ಟಿನ ಮಿತಿಯನ್ನೇ ಏರಿಸೋದು.

ಮೋಟರಿನ ಹತ್ತಿರದ ತಂತಿ ನೋಡೋಣ ಅಂತ ಟೇಬಲ್ಲಿನ ತುದಿಗೂ ಗೋಡೆಗೂ ನಡುವಿನ ಸಂದಿಯಲ್ಲಿ ಮೀಟರ್ ಹಿಡಿದು ಕುಕ್ಕರಗಾಲಲ್ಲಿ ಕೂತೆ. ಟೇಬಲ್ ಪೂರ್ತಿ ಆ ಕಡೆ ಬಂದರೆ ಉಳಿಯೋದು ಒಂದು ಗೇಣು ಜಾಗ.

"ಅಣ್ಣ, ಎಫ್2 ಒತ್ತಿ."

ಗುಂಯ್ ಅಂತ ಸದ್ದು ಬಂತು. ತಲೆ ಎತ್ತುವಷ್ಟರಲ್ಲಿ ನೂರಾರು ಕೆಜಿ ಕಬ್ಬಿಣ, ಮೇಲೆ ವೈಸ್ ಸಮೇತ, ನನ್ನ ಮುಖದ ಕಡೆಗೇ ಬರ್ತಾ ಇದೆ. ಠಪ್ ಅಂತ ಇನ್ನೊಂದು ಸದ್ದು. ಟೇಬಲ್ ನಿಂತಿತು. ನನ್ನ ಕನ್ನಡಕಕ್ಕೂ ಅದಕ್ಕೂ ನಾಲ್ಕು ಬೆರಳು.

ಅಣ್ಣ ಎಫ್2 ಒತ್ತಿದ್ದು ಬಲಗೈಯಲ್ಲಿ. ಎಡಗೈ ಮೊದಲಿಂದಲೂ ಕೆಂಪು ಬಟನ್ ಮೇಲೇ ಇತ್ತು.

ಆಗಿದ್ದಿಷ್ಟು. ಮೋಟರಿನ ಹಿಂದೆ ಎನ್‌ಕೋಡರ್ ಇರತ್ತೆ, ಎ ಮತ್ತು ಬಿ ಅಂತ ಎರಡು ಸಿಗ್ನಲ್ ಕೊಡತ್ತೆ. ಯಾವುದು ಮೊದಲು ಬಂತು ಅನ್ನೋದರ ಮೇಲೆ ದಿಕ್ಕು ತಿಳಿಯೋದು. ನಾನು ಆ ಎರಡು ತಂತಿ ಅದಲುಬದಲು ಕೊಟ್ಟಿದ್ದೆ. ಟೇಬಲ್ ಕೂದಲೆಳೆಯಷ್ಟು ಬಲಕ್ಕೆ ಸರಿದರೂ ಪಿಸಿಗೆ 'ಎಡಕ್ಕೆ ಹೋದೆ' ಅಂತ ವರದಿ. ಪಿಸಿ ಸರಿಪಡಿಸೋಕೆ ಬಲಕ್ಕೆ ತಳ್ಳತ್ತೆ. ಅದು ಇನ್ನೂ ಎಡಕ್ಕೆ ಹೋದಂತೆ ಕಾಣತ್ತೆ, ಪಿಸಿ ಇನ್ನೂ ಜೋರಾಗಿ ತಳ್ಳತ್ತೆ. ಆ ಎರರ್ ಹತ್ತು ಸಲ ನನಗೆ ಹೇಳಿದ್ದು ಇದನ್ನೇ. ಪರಿಹಾರ ಏನು ಗೊತ್ತಾ? ಫೈಲಿನಲ್ಲಿ ಮಿಲಿಮೀಟರಿಗೆ 800 ಕೌಂಟ್ ಅಂತ ಬರೆದಿದ್ದ ಅಂಕಿಯ ಮುಂದೆ ಒಂದು ಮೈನಸ್ ಚಿಹ್ನೆ.

ಅಣ್ಣ ಬೈಯಲಿಲ್ಲ. ಹೊರಗೆ ಕರೆದುಕೊಂಡು ಹೋಗಿ ಟೀ ಕೊಡಿಸಿದರು. ಕೈ ನಡುಗಿ ಅರ್ಧ ಟೀ ಚೆಲ್ಲಿತು.

ಅಲ್ಲಿ ನಿಂತಾಗ ನೆನಪಾದದ್ದು ನಮ್ಮೂರ ಬೋರ್‌ವೆಲ್ಲು. ನಾನು ಹೈಸ್ಕೂಲಲ್ಲಿದ್ದೆ. ಸ್ಟಾರ್ಟರ್ ಡಬ್ಬದಲ್ಲಿ ಒಂದು ಪ್ರಿವೆಂಟರ್. ಮೂರು ಫೇಸಲ್ಲಿ ಒಂದು ಹೋದರೆ ಮೋಟರ್ ನಿಲ್ಲಿಸೋದು ಅದರ ಕೆಲಸ. ಕರೆಂಟ್ ಬರೋದೇ ರಾತ್ರಿ ಕೆಲವು ಗಂಟೆ, ಬಾಳೆ ಒಣಗ್ತಿದೆ, ಇದು ನೋಡಿದರೆ ಪದೇ ಪದೇ ಟ್ರಿಪ್ ಆಗತ್ತೆ. ಅಪ್ಪ ಬೇಸತ್ತು ಒಂದು ತುಂಡು ವೈರ್ ಹಾಕಿ ಅದನ್ನು ಬೈಪಾಸ್ ಮಾಡಿದ. ಮೂರನೇ ರಾತ್ರಿ ಮೋಟರ್ ಸುಟ್ಟಿತು. ಪೈಪ್ ಎತ್ತಿಸಿ, ರೀವೈಂಡಿಂಗ್ ಮಾಡಿಸಿ ಮತ್ತೆ ಇಳಿಸುವ ಹೊತ್ತಿಗೆ ಬಾಳೆ ಉಳಿದಿರಲಿಲ್ಲ. "ಅದು ಟ್ರಿಪ್ ಆಗಿದ್ದೇ ನಿಂಗೆ ಹೇಳಕ್ಕೆ ಅಲ್ವೇನಪ್ಪ" ಅಂತ ನಾನು ಅಪ್ಪನಿಗೆ ಪಾಠ ಹೇಳಿದ್ದೆ. ಅಪ್ಪ ಏನೂ ಅನ್ನಲಿಲ್ಲ. ಅವನಿಗಾದರೂ ಕಣ್ಣೆದುರು ಒಣಗೋ ತೋಟ ಇತ್ತು. ನನಗೇನಿತ್ತು? ಸಂಜೆಯೊಳಗೆ ಟೇಬಲ್ ಓಡಿಸಿ, ವಿಡಿಯೋ ಮಾಡಿ ಫ್ರೆಂಡ್ಸಿಗೆ ಕಳಿಸೋ ಆಸೆ.

ಉಳಿದದ್ದಕ್ಕೆ ಇನ್ನೂ ಎರಡು ತಿಂಗಳ ಶನಿವಾರ ಭಾನುವಾರ ಹಿಡಿಯಿತು. ಡಯಲ್ ಇಟ್ಟು ಅಳೆದದ್ದು, ಸವೆದ ಸ್ಕ್ರೂವಿನ 0.03 ಮಿಲಿಮೀಟರ್ ಆಟಕ್ಕೆ ಲೆಕ್ಕ ಹೊಂದಿಸಿದ್ದು ಎಲ್ಲ ಅಣ್ಣ ಹೇಳಿದ ಹಾಗೆ. ನನ್ನದು ಟೈಪ್ ಮಾಡೋ ಕೆಲಸ. ಕೊನೆಗೆ ಅವರು ಮೌಸ್ ಪಕ್ಕಕ್ಕೆ ಸರಿಸಿ, ತಮ್ಮ ಹಳೇ ನೋಟ್‌ಬುಕ್ಕಿನಿಂದ ಒಂದು ಪ್ರೋಗ್ರಾಂ ಅಲ್ಪಸ್ವಲ್ಪ ತಿದ್ದಿ ಹೊಡೆದರು. ಜಿ00, ಜಿ01, ಜಿ81. ಭಾಷೆ ಅದೇ. ಒಂದು ಫ್ಲಾಂಜು, ಆರು ತೂತು. ವರ್ನಿಯರ್ ಹಿಡಿದು ನೋಡಿ, "ಮಾಲು ಓಕೆ" ಅಂದರು. ಮಾವ ಹಿಂದೆ ನಿಂತು ಮೂಗು ಒರೆಸಿಕೊಳ್ಳುತ್ತಿದ್ದರು, ಕೂಲೆಂಟ್ ವಾಸನೆಗೆ ಅಂತ ಅವರ ವಾದ.

500 ಅಂತಿದ್ದದ್ದನ್ನು ಮತ್ತೆ 1 ಮಾಡಿದ್ದೀನಿ. ಆ ಸಾಲಿನ ಮೇಲೆ ಒಂದು ಕಾಮೆಂಟ್ ಕನ್ನಡದಲ್ಲೇ ಬರೆದಿಟ್ಟಿದ್ದೀನಿ: 'ಇದನ್ನು ಬದಲಾಯಿಸುವ ಮುಂಚೆ ಅಣ್ಣನನ್ನು ಕೇಳು.'