ಗೇಟಿನ ಚೀಟಿ

ಹೋದ ಸೆಮಿಸ್ಟರ್‌ನಲ್ಲಿ ನಮ್ಮ ಪ್ರಾಜೆಕ್ಟ್ ಹತ್ತಿ ಎಲೆಯ ರೋಗ ಗುರುತಿಸೋದು. ದೇವದುರ್ಗ, ಮಾನ್ವಿ ಕಡೆಯ ಹೊಲಗಳಲ್ಲಿ ಮೊಬೈಲಿನಿಂದ ತೆಗೆದ ಫೋಟೋಗಳನ್ನು ತುಂಡು ಮಾಡಿದ ಮೇಲೆ 2 ಲಕ್ಷ ಪುಟ್ಟ ಫೈಲುಗಳಾದವು. ಗೈಡ್ ಸರ್ ಓಡಾಡಿ ಬೆಂಗಳೂರಿನ ಒಂದು ಸೂಪರ್ ಕಂಪ್ಯೂಟರಿನಲ್ಲಿ 100 ಜಿಪಿಯು ಗಂಟೆ ಕೊಡಿಸಿದ್ರು. ರಾಯಚೂರಿನ ಹಾಸ್ಟೆಲಿನಿಂದಲೇ ಜಾಬ್ ಹಾಕಿ, ಬೆಳಗಾಗೋದ್ರೊಳಗೆ ಮುಗೀತದೆ ಅಂತ ಮಲಗಿದೆ.

ಎದ್ದು ನೋಡಿದರೆ 9 ಗಂಟೆ ಖರ್ಚು, 40 ಸುತ್ತಿನಲ್ಲಿ ಮುಗಿದದ್ದು 5. ಜಿಪಿಯು ಬಳಕೆ ಬರೀ 6 ಪರ್ಸೆಂಟ್. ಶಕ್ತಿ ಸಾಲ್ತಿಲ್ಲ ಅಂದುಕೊಂಡು ಮಾರನೇ ರಾತ್ರಿ ಎರಡು ಜಿಪಿಯು ಕೇಳಿದೆ. ಎರಡೂ ಫೋಟೋ ಬರಲಿ ಅಂತ ಕಾಯ್ತಾ ಕೂತವು, ಗಂಟೆ ಮಾತ್ರ ಎರಡು ಪಟ್ಟು ಕಳೀತು. ಮೂರು ರಾತ್ರಿಗೆ 41 ಗಂಟೆ ಹೋಯ್ತು. ಗೆಳೆಯರ ಮುಖ ನೋಡೋಕೆ ಆಗ್ಲಿಲ್ಲ.

ಭಾನುವಾರ ಕಾಕಾನ ಮನೆಗೆ ಊಟಕ್ಕೆ ಹೋದೆ. ಕಾಕಾ ರಾಯಚೂರು ಎಪಿಎಂಸಿಯಲ್ಲಿ ಹಮಾಲಿ.

"ಯಾಕೋ ತಮ್ಮಾ, ಮಾರಿ ಸಣ್ಣ ಮಾಡಿದಿ?"

"ಮಷಿನ್ ದೊಡ್ಡದೈತಿ ಕಾಕಾ, ಫೈಲ್ ಓದೋದು ತಡ ಆಗಾಕತ್ತೈತಿ. ಸಣ್ಣ ಸಣ್ಣ ಫೈಲು, ಎರಡು ಲಕ್ಷ."

ಕಾಕಾ ರೊಟ್ಟಿ ಮುರಿಯುತ್ತಾ ಅಂದ: "ಹಂಗಾದ್ರ ಗೇಟಿನಾಗ ನೋಡು. ಲಾರಿ ತುಂಬ ಚೀಲ ಬಂದ್ರೂ ಒಂದ ಚೀಟಿ. ಒಬ್ಬೊಬ್ರು ಒಂದೊಂದು ಚೀಲ ತಂದ್ರ ಚೀಲಕ್ಕೊಂದು ಚೀಟಿ. ಒಳಗ ಹಮಾಲರು ನೂರು ಮಂದಿ ಇದ್ರೇನು, ಬರಿಯಾಂವ ಒಬ್ಬನ."

ಅದೇ ಆಗಿತ್ತು. ಆ ಮಷಿನ್ನಿನ ಫೈಲ್ ವ್ಯವಸ್ಥೆ ಲಸ್ಟರ್. ಲಿನಕ್ಸ್, ಕ್ಲಸ್ಟರ್ ಎರಡೂ ಸೇರಿ ಆದ ಹೆಸರು. ಅದರಲ್ಲಿ ಡೇಟಾ ಅನೇಕ ಸರ್ವರ್‌ಗಳಲ್ಲಿ ಹಂಚಿರುತ್ತದೆ. ಆದರೆ ಯಾವ ಫೈಲು ಎಲ್ಲಿದೆ ಅಂತ ಹೇಳೋದು ಮೆಟಾಡೇಟಾ ಸರ್ವರ್. ಪ್ರತಿ ಫೈಲು ತೆರೆಯುವಾಗಲೂ ಅದನ್ನು ಕೇಳಲೇಬೇಕು. ಫೈಲು ದೊಡ್ಡದಿದ್ದರೆ ಒಮ್ಮೆ ಕೇಳಿ, ಹಲವು ಸರ್ವರ್‌ಗಳಿಂದ ಒಟ್ಟಿಗೆ ಎಳೆದುಕೊಳ್ಳಬಹುದು. 50 ಕೆಬಿಯ ಫೋಟೋಕ್ಕೆ ಓದೋದಕ್ಕಿಂತ ಕೇಳೋದೇ ಜಾಸ್ತಿ. ಅದೂ ಎಲ್ಲಾ ಬಳಕೆದಾರರಿಗೂ ಅದೇ ಗೇಟು. ನಮ್ಮಿಂದ ಎಷ್ಟು ಜನ ಬೈದುಕೊಂಡರೋ!

ಸೂಪರ್ ಕಂಪ್ಯೂಟರ್ ಅಂದಕೂಡ್ಲೇ ನಾವು ಹೇಳೋದು ಫ್ಲಾಪ್ಸ್. ಐಐಎಸ್‌ಸಿಯಲ್ಲಿ 2022ರಲ್ಲಿ ಶುರುವಾದ ಪರಮ್ ಪ್ರವೇಗ 3.3 ಪೆಟಾಫ್ಲಾಪ್ಸ್ ಅಂತ ನಾನೂ ಕ್ವಿಜ್‌ನಲ್ಲಿ ಹೇಳಿದ್ದೆ. ಲೆಕ್ಕ ಮಾಡುವವನ ಕೈಗೆ ಡೇಟಾ ಎಷ್ಟು ಬೇಗ ಸಿಗುತ್ತೆ ಅಂತ ಯಾವತ್ತೂ ಕೇಳಿರಲಿಲ್ಲ.

2 ಲಕ್ಷ ಫೋಟೋಗಳನ್ನು 40 ಟಾರ್ ಫೈಲುಗಳಾಗಿ ಕಟ್ಟಿದೆವು. ಪ್ರತಿಯೊಂದನ್ನೂ ನಾಲ್ಕು ಕಡೆ ಹರಡುವಂತೆ ಸ್ಟ್ರೈಪ್ ಹಾಕಿ, ಜಾಬ್ ಶುರುವಾದಾಗಲೇ ನೋಡ್‌ನ ಸ್ವಂತ ಎಸ್ಎಸ್‌ಡಿಗೆ ನಕಲು ಮಾಡಿಸಿದೆವು. ಬಳಕೆ 85 ಪರ್ಸೆಂಟ್‌ಗೆ ಏರಿತು, ಒಂದು ಸುತ್ತು 8 ನಿಮಿಷ!

ಖುಷಿ ಒಂದೇ ದಿನ. ಈ ಸಲ ಫಲಿತಾಂಶವೇ ಕೆಟ್ಟಿತು. ಮೊದಲು ಸಣ್ಣ ಫೈಲುಗಳನ್ನು ಎಲ್ಲಿಂದ ಬೇಕಾದರೂ ಆರಿಸಿ ಓದ್ತಿದ್ವಿ. ಟಾರ್ ಮೊದಲಿಂದ ಕೊನೆಗೆ ಓದುತ್ತೆ, ನಾವು ಕಟ್ಟಿದ್ದು ಫೋಲ್ಡರ್ ಪ್ರಕಾರ: ದೇವದುರ್ಗ ಪೂರ್ತಿ, ಆಮೇಲೆ ಮಾನ್ವಿ. ಮಾಡೆಲ್ ಮಾನ್ವಿ ಕಲಿಯುತ್ತಾ ದೇವದುರ್ಗ ಮರೀತಿತ್ತು. ಎಲ್ಲಾ ಬಿಚ್ಚಿ, ಕಲಸಿ, ಮತ್ತೆ ಕಟ್ಟೋಕೆ ಒಂದು ರಾತ್ರಿ ಹಿಡೀತು.

14 ಗಂಟೆ ಉಳಿದಿರುವಾಗ ಕೆಲಸ ಮುಗಿಸಿದೆವು. ಮಾನ್ವಿಯ ಎಲೆಗಳಲ್ಲಿ ಈಗಲೂ ಹೆಚ್ಚು ತಪ್ಪುತ್ತೆ. ಅದು ಲಸ್ಟರಿನ ತಪ್ಪಲ್ಲ. ದೇವದುರ್ಗಕ್ಕೆ ಹತ್ತು ದಿನ ಹೋದವರು ಮಾನ್ವಿಗೆ ಹೋಗಿದ್ದು ಮೂರೇ ದಿನ.